ಬಚ್ಚಲಲ್ಲಿ ನಾಲ್ಕು ಸೋಪು: ಮನೆಗೆಲ್ಲ ಒಂದೇ ಬ್ರಾಂಡ್ ಸಾಕಾ?

ಪುತ್ತೂರ ಮಗಳು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಆದರೆ ಈಚೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು.

ನಾನು ಪುತ್ತೂರಿನ ಕಡೆಯವಳು, ಮದುವೆಯಾಗಿ ದಾವಣಗೆರೆಗೆ ಬಂದಿದ್ದೇನೆ. ತವರಿನಲ್ಲಿ ಚಂದ್ರಿಕಾ ಬಿಟ್ಟರೆ ಬೇರೆ ಸೋಪು ಬಚ್ಚಲು ಕಂಡದ್ದೇ ಅಪರೂಪ. ಇಲ್ಲಿ ಅತ್ತೆಗೆ ಮೈಸೂರ್ ಸ್ಯಾಂಡಲ್ಲೇ ಆಗಬೇಕು, ಮಾವನಿಗೆ ಮೆಡಿಮಿಕ್ಸ್, ನಮ್ಮೆಜಮಾನರಿಗೆ ಸಿಂಥಾಲ್. ನನ್ನದೂ ಸೇರಿ ಬಚ್ಚಲ ಕಿಟಕಿ ಕಟ್ಟೆಯ ಮೇಲೆ ನಾಲ್ಕು ಸೋಪುಡಬ್ಬಿ ಸಾಲಾಗಿ ಕೂತಿವೆ.

ತಿಂಗಳ ಸಾಮಾನಿನ ಚೀಟಿ ಬರೆಯುವಾಗ ನಮ್ಮೆಜಮಾನರು, "ಎಲ್ಲರಿಗೂ ಸೇರಿ ಒಂದೇ ಸೋಪು ತರೋಣ, ದೊಡ್ಡ ಪ್ಯಾಕ್ ತಗೊಂಡರೆ ದುಡ್ಡೂ ಉಳಿಯುತ್ತೆ" ಅಂದರು. ಅತ್ತೆ ತಕ್ಷಣ "ಹಾಗಾದ್ರೆ ಸ್ಯಾಂಡಲ್ ಬರ್ಕೋ" ಅಂದರು. ಮಾವ ಪೇಪರಿನಿಂದ ತಲೆ ಎತ್ತದೆ "ನನ್ನ ಮೆಡಿಮಿಕ್ಸ್ ನಾನೇ ತಂದ್ಕೋತೀನಿ" ಅಂದರು. ಚೀಟಿಯಲ್ಲಿ ಆ ಸಾಲು ಇನ್ನೂ ಖಾಲಿ ಇದೆ.

ಇನ್ನೊಂದು ವಿಷಯ. ಊರಲ್ಲಿ ಬಾವಿ ನೀರಿಗೆ ಒಂದು ಸಲ ಉಜ್ಜಿದರೆ ಮೈತುಂಬ ನೊರೆ ಕೊಡುತ್ತಿದ್ದ ನನ್ನ ಚಂದ್ರಿಕಾ, ಇಲ್ಲಿನ ಬೋರ್‌ವೆಲ್ ನೀರಿಗೆ ಎಷ್ಟು ತಿಕ್ಕಿದರೂ ನೊರೆ ಬಿಡುವುದಿಲ್ಲ. ಇದು ಸೋಪಿನ ತಪ್ಪೋ ನೀರಿನದೋ?

ನಿಮ್ಮ ಮನೆಯಲ್ಲಿ ಯಾವ ಸೋಪು? ಬದಲಿಸಿದ್ದೀರಾ? ಬದಲಿಸಿದ್ದರೆ ಯಾಕೆ? ಜಾಹೀರಾತು ನೋಡಿಯೇ ಕೊಂಡವರು ಯಾರಾದರೂ ಇದ್ದೀರಾ?

ಜಯನಗರ ನಾಲ್ಕನೇ ಬ್ಲಾಕ್:

ನನ್ನ ಓಟು ಸಂತೂರ್‌ಗೆ. ಅರಿಶಿನ, ಗಂಧ ಎರಡೂ ಒಂದರಲ್ಲೇ ಬಂತು, ಇನ್ನೇನು ಬೇಕು? ನೋಡಿದವರೆಲ್ಲ ಕಾಲೇಜು ಹುಡುಗಿ ಅಂದುಕೊಂಡಿರುವಾಗ ಮಗು "ಮಮ್ಮಿ" ಅಂತ ಓಡಿ ಬರುವ ಜಾಹೀರಾತು ನಾನು ಸ್ಕೂಲಿಗೆ ಹೋಗುವಾಗಲೂ ಬರ್ತಿತ್ತು, ಈಗ ನನ್ನ ಮಗಳು ಸ್ಕೂಲಿಗೆ ಹೋಗುವಾಗಲೂ ಬರ್ತಿದೆ. ನಟರು ಬದಲಾದರು, ಕಥೆ ಬದಲಾಗಲಿಲ್ಲ. ಒಂದೇ ಕಥೆಯನ್ನು ಇಷ್ಟು ವರ್ಷ ಬೇಸರವಾಗದ ಹಾಗೆ ಹೇಳುವುದು ಸುಲಭದ ಕೆಲಸ ಅಲ್ಲ, ಅದಕ್ಕೇ ನನಗೆ ಆ ಜಾಹೀರಾತು ಇಷ್ಟ.

ಬಾಟಲಿಯ ಬಾಡಿ ವಾಶ್ ಮಾತ್ರ ನನಗೆ ಹಿಡಿಸಲ್ಲ. ಕೈಯಲ್ಲಿ ಸೋಪು ಹಿಡಿದರೇನೇ ಸ್ನಾನ ಮಾಡಿದ ಹಾಗೆ.

ತಿಪಟೂರು ದಿನಸಿ ಅಂಗಡಿ:

ತಂಗಿ, ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರೋಕೆ ಆಗಲಿಲ್ಲ. ನಮ್ಮದು ಅಪ್ಪನ ಕಾಲದ ಅಂಗಡಿ. ಸೋಪಿನ ಶೆಲ್ಫ್ ಗಲ್ಲಾಪೆಟ್ಟಿಗೆ ಎದುರಿಗೇ ಇದೆ. ಹಾಗಾಗಿ ಯಾರು ಯಾವ ಸೋಪು ತಗೋತಾರೆ, ಹೇಗೆ ತಗೋತಾರೆ ಅನ್ನೋದು ದಿನಾ ಕಣ್ಣಿಗೆ ಬೀಳುತ್ತೆ.

ಮೊದಲು ನೀರಿನ ವಿಷಯ. ತಪ್ಪು ಚಂದ್ರಿಕಾದ್ದಲ್ಲ. ನಿಮ್ಮ ಕರಾವಳಿ ಕಡೆ ಮುರಕಲ್ಲಿನ ನೆಲದ ಬಾವಿ ನೀರು ಮೃದು. ಬಯಲುಸೀಮೆ ಬೋರ್‌ವೆಲ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ಎಣ್ಣೆ, ಕೊಬ್ಬಿನಿಂದ ಮಾಡಿದ ಸೋಪು ಆ ಸುಣ್ಣದ ಜೊತೆ ಸೇರಿ ಬಿಳೀ ಜಿಡ್ಡಾಗುತ್ತೆ. ಬಕೆಟ್ಟಿನ ಒಳಗೆ ಸುತ್ತ ಪಟ್ಟಿ ಕಟ್ಟೋದು ಅದೇ. ಆ ಸುಣ್ಣ ಎಲ್ಲ ಜಿಡ್ಡಾಗಿ ಮುಗಿದ ಮೇಲಷ್ಟೇ ನೊರೆ ಶುರು. ಮೈಸೂರ್ ಸ್ಯಾಂಡಲ್ ತಂದರೂ ಸಿಂಥಾಲ್ ತಂದರೂ ಈ ಪಾಡು ತಪ್ಪಿದ್ದಲ್ಲ. ಕಾರ್ಪೊರೇಶನ್ನಿನ ನಲ್ಲಿ ನೀರು ಬಂದ ದಿನ ಅದರಲ್ಲಿ ಸ್ನಾನ ಮಾಡಿ ನೋಡಿ, ಅದೇ ಚಂದ್ರಿಕಾ ಚೆನ್ನಾಗಿ ನೊರೆ ಕೊಡುತ್ತೆ.

ಈಗ ಸೋಪಿಗೆ ಬರೋಣ. ಕೊಳ್ಳೋರು ಕವರ್ ಮೇಲೆ ಬರೆದಿರೋದು ಓದಲ್ಲ. ಸೋಪನ್ನ ಮೂಗಿನ ಹತ್ತಿರ ಹಿಡಿದು, ಕಾಗದದ ಮೇಲಿಂದಲೇ ಒಂದು ಸಲ ಮೂಸಿ, ಆಮೇಲೆ ಬುಟ್ಟಿಗೆ ಹಾಕ್ತಾರೆ. ಹೆಂಗಸರು ಮಾತ್ರ ಅಂದ್ಕೋಬೇಡಿ, ಲಾರಿ ಡ್ರೈವರ್‌ಗಳೂ ಅಷ್ಟೇ. ಹೆಸರು ಗೊತ್ತಿಲ್ಲದೋರು ಬಣ್ಣ ಹೇಳ್ತಾರೆ: "ಆ ಕೆಂಪು ಸೋಪು ಕೊಡಿ", "ಬೇವಿಂದು ಹಸಿರು ಇದ್ಯಲ್ಲ, ಅದು". ಕಂಪನಿಯವರು ಕವರಿನ ಡಿಸೈನ್ ಬದಲಿಸಿದ ತಿಂಗಳು ನಮಗೆ ಪಜೀತಿ. "ಇದು ಡೂಪ್ಲಿಕೇಟು, ಹಳೇದೇ ಕೊಡಿ" ಅಂತ ವಾಪಸ್ ತರ್ತಾರೆ. ಬಿಚ್ಚಿ, ಮೂಸಿ ನೋಡಿ ಅಂತ ಕೈಗೆ ಕೊಟ್ಟರೆ ಸಮಾಧಾನ.

ಅದಕ್ಕೇ ನಾನು ಹೇಳೋದು, ಜಾಹೀರಾತು ಮಾರೋದು ಮೊದಲನೇ ಸೋಪನ್ನ. ಎರಡನೇದನ್ನ ಮಾರೋದು ವಾಸನೆ. ಲಕ್ಸ್ ನೋಡಿ, 1941ರಲ್ಲಿ ಲೀಲಾ ಚಿಟ್ನಿಸ್ ಅವರಿಂದ ಶುರು ಮಾಡಿ ಹಿಂದಿ ಸಿನಿಮಾದ ನಾಯಕಿಯರನ್ನೆಲ್ಲ ಕರ್ಕೊಂಡು ಬಂದರು, 2005ರಲ್ಲಿ ಶಾರುಖ್ ಖಾನ್ ಅವರನ್ನೇ ಸ್ನಾನದ ತೊಟ್ಟಿಯಲ್ಲಿ ಕೂರಿಸಿದರು. ಆ ಜಾಹೀರಾತಿನ ಬಗ್ಗೆ ನಮ್ಮ ಅಂಗಡಿ ಮುಂದೆ ಮಾತೋ ಮಾತು. ಆದರೆ ಮಾತಾಡಿದೋರು ತಗೊಂಡು ಹೋಗಿದ್ದು ಅವರವರ ಹಳೇ ಸೋಪೇ.

ನಿಮ್ಮ ಅತ್ತೆಯವರ ಪಕ್ಷ ನಾನು ವಹಿಸ್ತೀನಿ, ಯಾಕಂದ್ರೆ ನನಗೂ ಮೈಸೂರ್ ಸ್ಯಾಂಡಲ್ ಅಂದ್ರೆ ಪ್ರಾಣ. ಮೊದಲನೇ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಹೋಗೋದು ನಿಂತು, ಮೈಸೂರು ಸಂಸ್ಥಾನದಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನ ಇಲ್ಲೇ ತೆಗೆಸೋಣ ಅಂತ 1916ರಲ್ಲಿ ಕೆಲಸ ಶುರು ಮಾಡಿಸಿದರು. ಸೋಪು ಮಾಡೋ ವಿದ್ಯೆ ಕಲಿಯೋಕೆ ಎಸ್.ಜಿ. ಶಾಸ್ತ್ರಿಯವರನ್ನ ಇಂಗ್ಲೆಂಡಿಗೆ ಕಳಿಸಿದರು. ಎಲ್ಲರೂ ಇಟ್ಟಿಗೆ ಆಕಾರದ ಸೋಪು ಮಾಡುವಾಗ ಇದನ್ನ ಮೊಟ್ಟೆ ಆಕಾರಕ್ಕೆ ತಂದು, ಒಡವೆ ಇಡೋ ಥರದ ಡಬ್ಬಿ ಕೊಟ್ಟರು. ಡಬ್ಬಿ ಮೇಲೆ ಸಿಂಹದ ಮೈ, ಆನೆಯ ತಲೆ ಇರೋ ಶರಭ. 2006ರಲ್ಲಿ ಭೌಗೋಳಿಕ ಗುರುತಿನ ಟ್ಯಾಗ್ ಕೂಡ ಸಿಕ್ಕಿದೆ. ಮುಂಬೈಗೋ ದೆಹಲಿಗೋ ಹೊರಟೋರು ನಮ್ಮಲ್ಲಿಗೆ ಬಂದು ಮೂರು ಸೋಪಿನ ಡಬ್ಬಿ ಕೇಳ್ತಾರೆ, ನೆಂಟರಿಗೆ ಕೊಡೋಕೆ. ಬೇರೆ ಯಾವ ಸೋಪನ್ನೂ ಹಾಗೆ ಉಡುಗೊರೆ ಅಂತ ಕೊಡೋದು ನಾನು ನೋಡಿಲ್ಲ.

ಕಳೆದ ಸಲ ಈ ಸೋಪಿಗೆ ತಮನ್ನಾ ಅವರನ್ನ ರಾಯಭಾರಿ ಮಾಡಿದಾಗ (2025, ಎರಡು ವರ್ಷಕ್ಕೆ 6.2 ಕೋಟಿ) ಊರೆಲ್ಲ ಗದ್ದಲ ಆಯ್ತು, ಕನ್ನಡದ ನಟಿ ಯಾಕಾಗಬಾರದು ಅಂತ. ಬೇರೆ ರಾಜ್ಯದಲ್ಲೂ ಮಾರಬೇಕು ಅನ್ನೋದು ಕಂಪನಿ ನಡೆಸೋ ರಾಜ್ಯ ಸರ್ಕಾರದ ವಾದ. ವ್ಯಾಪಾರಸ್ಥನಾಗಿ ಅದು ನನಗೆ ಅರ್ಥ ಆಗುತ್ತೆ, ಹಿಂದೆ ಧೋನಿ ಅವರನ್ನೂ ಕರೆಸಿದ್ದರಲ್ಲ. ಆದರೂ ನನ್ನ ಮನಸ್ಸಿಗೆ ಬಂದಿದ್ದು ಹೇಳ್ತೀನಿ: ಬೆಂಗಳೂರಲ್ಲಿ ಒಂದು ಮೆಟ್ರೋ ನಿಲ್ದಾಣಕ್ಕೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಹೆಸರಿದೆ. ರೈಲು ನಿಂತಾಗಲೆಲ್ಲ ಆ ಹೆಸರು ಕೂಗ್ತಾರೆ. ಅದಕ್ಕಿಂತ ದೊಡ್ಡ ಜಾಹೀರಾತು ಯಾವ ಸೋಪಿಗಿದೆ?

ಹಾಗಂತ ನಿಮ್ಮ ಮಾವನವರ ಮೆಡಿಮಿಕ್ಸ್ ಕಿತ್ಕೋಬೇಡಿ. ಅದನ್ನ ಶುರು ಮಾಡಿದ್ದು ಮದ್ರಾಸಿನಲ್ಲಿ ರೈಲ್ವೆಯಲ್ಲಿದ್ದ ವೈದ್ಯರು, ಡಾ. ವಿ.ಪಿ. ಸಿದ್ಧನ್, 1969ರಲ್ಲಿ. ಗಿಡಮೂಲಿಕೆ ಘಮ ಹಿಡಿಸಿದೋರು ಬೇರೆ ಸೋಪು ಮುಟ್ಟಲ್ಲ. ಅಂಥೋರಿಗೆ ಗಂಧದ ಸೋಪು ಕೊಟ್ಟರೆ ಎರಡು ದಿನಕ್ಕೆ ವಾಪಸ್ ಬರ್ತಾರೆ.

ದುಡ್ಡು ಉಳಿಸಬೇಕು ಅಂದರೆ ಬ್ರಾಂಡ್ ನೋಡಬೇಡಿ, ಕವರಿನ ಹಿಂದೆ ನೋಡಿ. ಟಿಎಫ್‌ಎಂ ಅಂತ ಬರೆದಿರುತ್ತೆ, ಸೋಪಲ್ಲಿ ನಿಜವಾದ ಎಣ್ಣೆ-ಕೊಬ್ಬಿನ ಪಾಲು ಎಷ್ಟು ಅಂತ. ಶೇಕಡಾ 76ಕ್ಕಿಂತ ಕಮ್ಮಿ ಇಲ್ಲದಿದ್ದರೆ ಗ್ರೇಡ್ 1. 'ಟಾಯ್ಲೆಟ್ ಸೋಪ್' ಅಂತ ಇಲ್ಲದೆ 'ಬೇದಿಂಗ್ ಬಾರ್' ಅಂತ ಇದ್ದರೆ ಅದರ ಲೆಕ್ಕವೇ ಬೇರೆ. ಜೊತೆಗೆ ತೂಕ ನೋಡಿ. ಬೆಲೆ ಅಷ್ಟೇ ಇಟ್ಟು ಗ್ರಾಂ ಇಳಿಸೋದು ಈಗ ಎಲ್ಲ ಸಾಮಾನಿನಲ್ಲೂ ಮಾಮೂಲು.

ಹುಬ್ಬಳ್ಳಿ ಹುಡ್ಗ:

ಅಕ್ಕಾರ, ನಮ್ಮ ಮನ್ಯಾಗ ಹಮಾಮ್ ರೀ. ನಮ್ಮಪ್ಪ ಹೊಲದಿಂದ ಬಂದ ಕೂಡ್ಲೆ ಕೈಕಾಲಿಗೆ ಲೈಫ್‌ಬಾಯ್, ಮೈಗೆ ಹಮಾಮ್. ಎರಡರ ಡಬ್ಬಿನೂ ಬ್ಯಾರೆ, ಒಂದಕ್ಕೊಂದು ಮುಟ್ಟಿಸಂಗಿಲ್ಲ.

ಸಬಕಾರ ತೆಳ್ಳಗಾದ ಮ್ಯಾಲ ಅದನ್ನ ಒಗಿಯೂದು ನಮ್ಮವ್ವಗ ಆಗಂಗಿಲ್ಲ. ಹಳೇ ಚೂರು, ಹೊಸಾದು ಎರಡೂ ತೋಯಿಸಿ, ಹೊಸಾದರ ಮ್ಯಾಲಿನ ಅಕ್ಷರ ಇರೂ ಜಾಗಾದಾಗ ಇಟ್ಟು ಹೆಬ್ಬೆಟ್ಟಿಲೆ ಒತ್ತತಾಳ. ರಾತ್ರಿ ಹಂಗ ಬಿಟ್ರ ಮುಂಜಾನೆ ಅನ್ನೂದ್ರಾಗ ಒಂದಾಗಿರತಾವು. ನಾಕು ಬ್ರಾಂಡ್ ಇಟ್ಕೊಂಡ್ರ ಈ ಕೆಲಸ ಭಾಳ ಕಠಿಣ ಆಕ್ಕತಿ ನೋಡ್ರಿ, ಹಸರ ಸಬಕಾರಕ್ಕ ಹಸರ ಚೂರೇ ಹುಡುಕಬೇಕು.

ದೀಪಾವಳಿಗೆ ಬೆಳಗಾವಿಯೊಳಗಿನ ನಮ್ಮ ಚಿಕ್ಕವ್ವನ ಮನಿಗೆ ಹೋದ್ರ ಅಲ್ಲೆ ಮೋತಿ ಸಬಕಾರ ಇರತೈತಿ. ಮಹಾರಾಷ್ಟ್ರದ ಕಡೆ ರೂಢಿ ಅದು, ಎಣ್ಣಿ ಹಚ್ಚಿಕೊಂಡು ನಸುಕಿನ್ಯಾಗ ಜಳಕ ಮಾಡೂ ದಿನ ಅದನ್ನ ಬಿಚ್ಚತಾರ. ದುಂಡಗ, ದಪ್ಪಗ, ಒಂದ ಕೈಯಾಗ ಹಿಡಿಯಾಕ ಬರಂಗಿಲ್ಲ. ವರ್ಷಕ್ಕ ಒಮ್ಮೆ ಆದ್ರೂ ಅದರ ವಾಸನಿ ಬಂದ್ರ ನನಗ ಹಬ್ಬ ಅಂತ ಗೊತ್ತಾಕ್ಕತಿ. ದಿನಾ ಹಚ್ಚಿದ್ರ ಆ ಮಜಾ ಇರಂಗಿಲ್ಲ.

ನ್ಯೂಜೆರ್ಸಿ ಕನ್ನಡತಿ:

ಜಾಹೀರಾತು ನೋಡಿ ಕೊಂಡವರು ಯಾರು ಅಂತ ಕೇಳಿದ್ದೀರಲ್ಲ, ನಮ್ಮಮ್ಮ! ಲಿರಿಲ್. 1975ರ ಆ ಜಲಪಾತದ ಜಾಹೀರಾತು, ಹಸಿರು ಈಜುಡುಗೆಯ ಕ್ಯಾರೆನ್ ಲುನೆಲ್, ಕೊಡೈಕೆನಾಲ್ ಹತ್ತಿರದ ಅಬ್ಬಿ. ಅಮ್ಮ ಆಗ ಮೈಸೂರಿನಲ್ಲಿ ಕಾಲೇಜು ಹುಡುಗಿ. ಸಿನಿಮಾ ಶುರುವಾಗುವ ಮೊದಲು ಟಾಕೀಸಿನಲ್ಲಿ ಅದನ್ನು ತೋರಿಸ್ತಿದ್ದರಂತೆ, ಅದು ತಪ್ಪಬಾರದು ಅಂತ ಗೆಳತಿಯರೆಲ್ಲ ಬೇಗ ಹೋಗಿ ಕೂರ್ತಿದ್ದರಂತೆ. ಮನೆಯಲ್ಲಿ ಹೆಣ್ಣುಮಕ್ಕಳು ಸ್ನಾನಕ್ಕೆ ಹೆಚ್ಚು ಹೊತ್ತು ತಗೊಂಡರೆ ಬಾಗಿಲು ಬಡಿಯುತ್ತಿದ್ದ ಕಾಲ. ಒಬ್ಬಳೇ ಹುಡುಗಿ ಯಾರ ಹಂಗೂ ಇಲ್ಲದೆ ನೀರಿನಲ್ಲಿ ಕುಣಿಯುವುದು ನೋಡಿ ಎಷ್ಟು ಖುಷಿಯಾಗುತ್ತಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಅಂಗಡಿಯಣ್ಣ ಹೇಳಿದ್ದಕ್ಕೆ ನಾನು ಇಷ್ಟು ಸೇರಿಸ್ತೀನಿ: ಕೆಲವು ಜಾಹೀರಾತು ಎರಡನೇ ಸೋಪನ್ನೂ ಮಾರುತ್ತವೆ.

ನನ್ನದು ಮೈಸೂರ್ ಸ್ಯಾಂಡಲ್. ಇಲ್ಲಿ ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತೆ. ತಂದ ಕೂಡಲೇ ಬಚ್ಚಲಿಗೆ ಹೋಗುವುದಿಲ್ಲ, ಮೊದಲು ರೇಷ್ಮೆ ಸೀರೆಗಳ ಮಧ್ಯೆ ಇಡ್ತೀನಿ. ವರ್ಷಕ್ಕೆರಡು ಸಲ ಉಡುವ ಸೀರೆ ಬೀರುವಿನ ವಾಸನೆ ಹೊಡೆಯಬಾರದಲ್ಲ. ಗಂಧ ಸೀರೆಗೆ ಹತ್ತಿದ ಮೇಲೆ ಸೋಪು ಸ್ನಾನಕ್ಕೆ. ಅಷ್ಟು ದಿನ ಕಾದ ಸೋಪು ಗಟ್ಟಿಯಾಗಿರುತ್ತೆ, ಬೇಗ ಕರಗುವುದೂ ಇಲ್ಲ.

ಪುತ್ತೂರ ಮಗಳು:

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನು ರಾತ್ರಿ ಊಟಕ್ಕೆ ಕೂತಾಗ ಜೋರಾಗಿ ಓದಿದೆ. ಅತ್ತೆ ಅಂಗಡಿಯಣ್ಣನ ಮಾತನ್ನು ಎರಡನೇ ಸಲ ಓದಿಸಿದರು. ಮೆಡಿಮಿಕ್ಸ್ ಮಾಡಿದ್ದು ರೈಲ್ವೆ ಡಾಕ್ಟರು ಅಂತ ಕೇಳಿ ಮಾವನಿಗೆ ಸಂತೋಷ, ಅವರೂ ರೈಲ್ವೆಯಲ್ಲಿದ್ದು ರಿಟೈರ್ ಆದವರು.

ನಲ್ಲಿ ನೀರಿನಲ್ಲಿ ಸ್ನಾನ ಮಾಡಿ ನೋಡಿದೆ, ಅಣ್ಣ. ಹೌದು, ನೊರೆ ಬಂತು! ಊರಿನಷ್ಟಲ್ಲ, ಆದರೆ ಬಂತು. ಈಗ ನಲ್ಲಿ ಬರುವ ದಿನ ಒಂದು ಡ್ರಮ್ ತುಂಬಿಸಿ ಸ್ನಾನಕ್ಕೇ ಅಂತ ಎತ್ತಿಡುತ್ತಿದ್ದೇವೆ. ಚೀಟಿಯಲ್ಲಿ ನಾಲ್ಕು ಹೆಸರನ್ನೂ ಬರೆದೆ. ನಮ್ಮೆಜಮಾನರು ಕವರುಗಳ ಹಿಂದೆ ಟಿಎಫ್‌ಎಂ ಹುಡುಕುತ್ತಾ ಅಂಗಡಿಯಲ್ಲೇ ಅರ್ಧ ಗಂಟೆ ನಿಂತರು.

ಒಂದೇ ಅನುಮಾನ ಉಳಿದಿದೆ. ಸ್ಯಾಂಡಲ್ ಸೋಪು ಡಬ್ಬಿಯಲ್ಲಿ ಬೇಗ ಕರಗಿ ಅಂಟಂಟಾಗುತ್ತೆ ಅಂತ ಅತ್ತೆಗೆ ಬೇಜಾರು. ಅದಕ್ಕೇನಾದರೂ ಉಪಾಯ?

ತಿಪಟೂರು ದಿನಸಿ ಅಂಗಡಿ:

ಮುಚ್ಚಳ ಇರೋ ಡಬ್ಬಿ ತೆಗೆದುಬಿಡಿ ತಂಗಿ, ಅದು ಪ್ರಯಾಣಕ್ಕೆ ಮಾತ್ರ. ತಳದಲ್ಲಿ ತೂತಿರೋ ತಟ್ಟೆ ತಗೊಳ್ಳಿ, ಇಲ್ಲಾ ತೆಂಗಿನ ನಾರು ಒಂದು ಹಿಡಿ ಸುತ್ತಿ ಅದರ ಮೇಲಿಡಿ, ನೀರು ಕೆಳಗೆ ಇಳಿದುಹೋಗುತ್ತೆ. ಷವರ್ ನೀರು ಸಿಡಿಯೋ ಜಾಗದಲ್ಲಿ ಇಡಬೇಡಿ. ನ್ಯೂಜೆರ್ಸಿ ಅಕ್ಕ ಹೇಳಿದ ಹಾಗೆ ಹೊಸ ಸೋಪನ್ನ ಡಬ್ಬಿಯಿಂದ ತೆಗೆದು, ಒಳಗಿನ ಕಾಗದ ಬಿಚ್ಚಿ, ಗಾಳಿ ಆಡೋ ಕಡೆ ಸ್ವಲ್ಪ ದಿನ ಬಿಟ್ಟು ಆಮೇಲೆ ಬಳಸಿ. ತಿಪಟೂರಿನ ನಾರು ಬೇಕಿದ್ದರೆ ಹೇಳಿ, ದಾವಣಗೆರೆ ಕಡೆ ಹೋಗೋ ಗಾಡಿಯಲ್ಲಿ ಕಳಿಸಿಕೊಡ್ತೀನಿ.