ಅಮ್ಮ ಈ ಗುಂಪಿನಲ್ಲಿದ್ದಾಳೆ

ಗುಂಪು: ಹಳೇ ಮನೆ ಬಳಗ

ನಾನು: ಒಂದು ಹಳೇ ಇಂಗ್ಲಿಷ್ ಸಿನಿಮಾದ ತುಣುಕು ಹಾಕಿದ್ದೇನೆ. 'ಮೇಕ್ ವೇ ಫಾರ್ ಟುಮಾರೋ', 1937ರದ್ದು. ನಾಲ್ಕೇ ನಿಮಿಷ. ಫಾರ್ವರ್ಡ್ ಅಂತ ಹಾಗೇ ದಾಟಿಬಿಡಬೇಡಿ. ಇಷ್ಟು ಒಳ್ಳೆಯ ಪ್ರೇಮಕಥೆ ಈಚೆಗೆ ನೋಡಿರಲಿಲ್ಲ.

ಚಿಕ್ಕಪ್ಪ: ತಪ್ಪು ವಿಡಿಯೋ ಬಂದಿದೆ. ಇಬ್ಬರು ಮುದುಕರು ಕೂತು ಏನೋ ಕುಡಿಯುತ್ತಿದ್ದಾರೆ.

ನಾನು: ಅವರೇ ಚಿಕ್ಕಪ್ಪ ಹೀರೋ, ಹೀರೋಯಿನ್ನು. ಬಾರ್ಕ್ ಮತ್ತು ಲೂಸಿ. ಮದುವೆಯಾಗಿ 50 ವರ್ಷ. ಹನಿಮೂನಿಗೆ ಬಂದಿದ್ದ ನ್ಯೂಯಾರ್ಕಿನ ಹೋಟೆಲಿಗೇ ಮತ್ತೆ ಬಂದಿದ್ದಾರೆ.

ದೊಡ್ಡಣ್ಣ: ಕಥೆ ಗೂಗಲ್ ಮಾಡಿದೆ. ಮನೆ ಬ್ಯಾಂಕಿನ ಪಾಲು. ಐದು ಜನ ಮಕ್ಕಳು. ಅಮ್ಮ ಮಗನ ಮನೆಗೆ, ಅಪ್ಪ ಮಗಳ ಮನೆಗೆ. ಇದನ್ನು ಈ ಗುಂಪಿಗೆ ಯಾಕೆ ಹಾಕಿದ್ದು ಅಂತ ನನಗೆ ಅರ್ಥವಾಗುವುದಿಲ್ಲವಾ?

ಅಕ್ಕ: ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಅಪ್ಪ ಮೈಸೂರಲ್ಲಿ ನನ್ನ ಜೊತೆ ಇರುವುದು ಮಂಡಿ ಆಪರೇಷನ್ ಆಗಿದೆ ಅಂತ. ಅಮ್ಮ ಇರುವ ಬೆಂಗಳೂರಿನ ಮೂರನೇ ಮಹಡಿ ಹತ್ತಲು ಆಗುತ್ತದಾ?

ನಾನು: ಸುಮ್ನೆ ಹಾಕಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಚುಚ್ಚುವುದಕ್ಕೆ ಹಾಕಿದ್ದಲ್ಲ.

ದೊಡ್ಡಣ್ಣ: ಚುಚ್ಚುವುದಕ್ಕಲ್ಲ, ತಿವಿಯುವುದಕ್ಕೆ.

ಚಿಕ್ಕಪ್ಪ: ಇದರಲ್ಲಿ ಹೊಸದೇನಿದೆ? 1958ರಲ್ಲೇ ಪಂತುಲು 'ಸ್ಕೂಲ್ ಮಾಸ್ಟರ್' ಮಾಡಲಿಲ್ವಾ? ಅವರೇ ಮೇಷ್ಟ್ರು, ಹೆಂಡತಿ ಎಂ.ವಿ. ರಾಜಮ್ಮ. ಅಲ್ಲೂ ಮಕ್ಕಳು ಇಬ್ಬರನ್ನೂ ಬೇರೆ ಬೇರೆ ಮಾಡುತ್ತಾರೆ. ನಾನು ಟೆಂಟಿನಲ್ಲಿ ನೋಡಿದ್ದು. ನಿಮ್ಮ ಅಜ್ಜಿ ಸೆರಗು ಒದ್ದೆ ಮಾಡಿಕೊಂಡಿದ್ದರು.

ನಾನು: ಇದೂ ಹಾಗೇ ಅಳುಬುರುಕ ಸಿನಿಮಾ ಅಂತ ಹೆದರಿಕೊಂಡೇ ಕೂತಿದ್ದೆ ಚಿಕ್ಕಪ್ಪ. ಆದರೆ ನಿರ್ದೇಶಕ ಲಿಯೋ ಮೆಕ್ಯಾರಿ ಕಾಮಿಡಿಯವನು. ಮಾರ್ಕ್ಸ್ ಸಹೋದರರ 'ಡಕ್ ಸೂಪ್' ಅವನದೇ. ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ.

ಅತ್ತಿಗೆ: ನಾನು ನಿನ್ನೆ ರಾತ್ರಿ ಪೂರ್ತಿ ನೋಡಿದೆ. ಒಂದು ಮಾತು ಹೇಳಲೇಬೇಕು. ಎಲ್ಲರೂ ಆ ಸೊಸೆ ಅನಿಟಾಳನ್ನು ಬೈಯುತ್ತಾರೆ. ಪಾಪ, ಅವಳು ಮನೆಯಲ್ಲಿ ಬ್ರಿಜ್ ಅನ್ನುವ ಇಸ್ಪೀಟ್ ಆಟ ಕಲಿಸಿ ನಾಲ್ಕು ಕಾಸು ದುಡಿಯುತ್ತಾಳೆ. ಕ್ಲಾಸ್ ನಡೆಯುವಾಗ ಅತ್ತೆ ನಡುವೆ ಬಂದು ತೂಗುಕುರ್ಚಿಯಲ್ಲಿ ಕೂತು ಕಿರ್ ಕಿರ್ ಅನ್ನಿಸಿದರೆ? ನನ್ನ ಮೀಟಿಂಗ್ ಮಧ್ಯೆ ಕುಕ್ಕರ್ ಕೂಗಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅತ್ತೆ, ನಿಮಗೆ ಹೇಳಿದ್ದಲ್ಲ.

ನಾನು: ನನಗೆ ಹಿಡಿಸಿದ್ದೂ ಅದೇ ಅತ್ತಿಗೆ. ಅನಿಟಾ ಕೆಟ್ಟವಳಲ್ಲ. ಲೂಸಿಯೂ ದೇವತೆಯಲ್ಲ, ಒಳ್ಳೆ ಕಿರಿಕಿರಿ ಮುದುಕಿ. ಅದೇ ಹೊತ್ತಿಗೆ ಫೋನ್ ಬರುತ್ತದೆ, 300 ಮೈಲಿ ದೂರದಿಂದ ಬಾರ್ಕ್. ಅವಳಿಗೆ ಫೋನು ಅಭ್ಯಾಸವಿಲ್ಲ. ಅಷ್ಟು ದೂರಕ್ಕೆ ಕೇಳಿಸಬೇಕಲ್ಲ ಅಂತ ಕೂಗಿ ಮಾತಾಡುತ್ತಾಳೆ. ಆಟಕ್ಕೆ ಬಂದವರಿಗೆ ಮೊದಲು ತಮಾಷೆ. ಅವನು ಬೆಚ್ಚಗಿದ್ದಾನಾ ಅಂತ ಅವಳು ವಿಚಾರಿಸುತ್ತಾ ಹೋದ ಹಾಗೆ ಎಲ್ಲರ ಮುಖ ಇಳಿಯುತ್ತದೆ. ಎಲೆ ಹಿಡಿದ ಕೈ ಹಿಡಿದ ಹಾಗೇ. ಆ ಕಡೆ ಅವನು ಏನು ಹೇಳಿದ ಅಂತ ನಮಗೆ ಕೇಳಿಸುವುದೇ ಇಲ್ಲ.

ದೊಡ್ಡಣ್ಣ: ಇಷ್ಟು ಚೆನ್ನಾಗಿದ್ದರೆ ಹೆಸರೇ ಯಾಕೆ ಕೇಳಿಲ್ಲ?

ನಾನು: ಓಡಲಿಲ್ಲ. ಪೋಸ್ಟರಿಗೆ ಹಾಕುವಂಥ ಸ್ಟಾರ್ ಇಲ್ಲ. ಸಿನಿಮಾ ಕಂಪನಿ ಪ್ಯಾರಮೌಂಟ್‌ನ ಯಜಮಾನ ಅಡಾಲ್ಫ್ ಜೂಕರ್ ಕೊನೆಗೆ ಸುಖವಾಗಿದ್ದರು ಅಂತ ಮಾಡು ಅಂದರೂ ಮೆಕ್ಯಾರಿ ಕೇಳಲಿಲ್ಲ. ಕಂಪನಿ ಅವನನ್ನು ಹೊರಗೆ ಕಳಿಸಿತು. ಅದೇ ವರ್ಷ ಬೇರೆ ಕಂಪನಿಗೆ 'ದಿ ಆಫುಲ್ ಟ್ರೂತ್' ಅನ್ನುವ ಕಾಮಿಡಿ ಮಾಡಿ ಆಸ್ಕರ್ ಗೆದ್ದ. ಗೆದ್ದವನು, ನೀವು ತಪ್ಪು ಸಿನಿಮಾಕ್ಕೆ ಕೊಟ್ಟಿದ್ದೀರಿ ಅಂದ! ಜಪಾನಿನ ನಿರ್ದೇಶಕ ಓಜು ಅವರ 'ಟೋಕಿಯೋ ಸ್ಟೋರಿ'ಗೆ ಪ್ರೇರಣೆ ಇದೇ. ಅದನ್ನು ಜಗತ್ತೆಲ್ಲ ಹೊಗಳುತ್ತದೆ, ಇದನ್ನು ಕೇಳುವವರಿಲ್ಲ.

ಚಿಕ್ಕಪ್ಪ: ಓಡದ ಸಿನಿಮಾಕ್ಕೆಲ್ಲ ಇಂಥ ಒಂದು ಕಥೆ ಇರುತ್ತದೆ ಬಿಡು.

ಅಕ್ಕ: ಏನೇ ಹೇಳು, ಇದು ಮಕ್ಕಳ ಕೆನ್ನೆಗೆ ಹೊಡೆಯುವ ಸಿನಿಮಾನೇ. ತಂದೆ ತಾಯಿಯನ್ನು ಗೌರವಿಸು ಅಂತಲೇ ಶುರುವಾಗುತ್ತದಂತೆ.

ನಾನು: ಶುರುವಿನಲ್ಲಿ ಆ ಬರಹದ ಕಾರ್ಡ್ ಹಾಕದಿದ್ದರೂ ನಡೆಯುತ್ತಿತ್ತು, ಒಪ್ಪಿದೆ. ಆದರೆ ನೀನು ಕೊನೆಯ ಭಾಗ ನೋಡು. ಬಾರ್ಕ್ ಕ್ಯಾಲಿಫೋರ್ನಿಯಾಕ್ಕೆ, ಇನ್ನೊಬ್ಬ ಮಗಳ ಹತ್ತಿರ ಹೊರಟಿದ್ದಾನೆ. ಲೂಸಿ ವೃದ್ಧಾಶ್ರಮಕ್ಕೆ. ಮಗ ಬಾಯಿ ಬಿಡುವ ಮೊದಲೇ ತಾನೇ ಹೋಗುತ್ತೇನೆ ಅಂದಿದ್ದಾಳೆ, ಗಂಡನಿಗೆ ಮಾತ್ರ ಗೊತ್ತಾಗಬಾರದು ಅಂತ. ರೈಲಿಗೆ ಇನ್ನು ಕೆಲವೇ ಗಂಟೆ. ಮಕ್ಕಳು ಅಡುಗೆ ಮಾಡಿಕೊಂಡು ಕಾಯುತ್ತಿದ್ದಾರೆ. ಇವರಿಬ್ಬರೂ ಊಟಕ್ಕೆ ಹೋಗುವುದೇ ಇಲ್ಲ! ಫೋನ್ ಮಾಡಿ ಬರುವುದಿಲ್ಲ ಅಂತಾರೆ. ಅಲ್ಲಿಂದ ಮುಂದೆ ಮಕ್ಕಳು ಲೆಕ್ಕಕ್ಕೇ ಇಲ್ಲ.

ನಾನು: ನಾನು ಕಳಿಸಿದ ತುಣುಕಿನಲ್ಲೇ ಇದೆ ನೋಡಿ. ಮುತ್ತು ಕೊಡಲು ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಲೂಸಿ ಒಮ್ಮೆ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆ, ತಿರುಗಿ ನೋಡುತ್ತಾಳೆ. ನಾಚಿ ಹಿಂದೆ ಸರಿಯುತ್ತಾಳೆ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದವನು ಕಣ್ಣು ಬೇರೆ ಕಡೆ ಮಾಡಿದೆ. ಆಮೇಲೆ ಡ್ಯಾನ್ಸ್. ಹಾಡು ಜೋರಾಗುತ್ತದೆ, ಇವರಿಗೆ ಹೆಜ್ಜೆ ಸಿಗುವುದಿಲ್ಲ. ಬ್ಯಾಂಡಿನವನು ಗಮನಿಸಿ ಇವರ ಕಾಲದ ಹಳೇ ಹಾಡು ಶುರು ಮಾಡುತ್ತಾನೆ.

ಅಕ್ಕ: ಹೂಂ. ನೋಡಿದೆ.

ನಾನು: ನಾವು ಆಪರೇಷನ್ ಆದಾಗ ಕೂತು ಮಾತಾಡಿದ್ದು ನೆನಪಿದೆ ಅಲ್ವಾ? ಮಾತ್ರೆ, ಫಿಸಿಯೋ, ಖರ್ಚು, ಮೆಟ್ಟಿಲು. ಎರಡು ಗಂಟೆಗಿಂತ ಜಾಸ್ತಿ ಹೊತ್ತು. ಅವರಿಬ್ಬರೂ ಗಂಡ ಹೆಂಡತಿ ಅನ್ನುವ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದೊಡ್ಡಣ್ಣ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಣ್ಣ: ಅಮ್ಮ ಈ ಗುಂಪಿನಲ್ಲಿದ್ದಾಳೆ, ನೆನಪಿರಲಿ. ಇಂಥದ್ದನ್ನು ನನಗೆ ಫೋನ್ ಮಾಡಿ ಹೇಳಬಹುದಿತ್ತು.

ನಾನು: ಅದು ನಿಜ. ತಪ್ಪಾಯಿತು.

ಅಮ್ಮ: ಆ ಹೆಂಗಸಿಗೆ ನಿಜವಾಗಿ ಎಷ್ಟು ವಯಸ್ಸು? ನೋಡಿದರೆ ಅಷ್ಟು ಮುದುಕಿ ಅನ್ನಿಸಲಿಲ್ಲ.

ನಾನು: ಬ್ಯೂಲಾ ಬಾಂಡಿ ಅಂತ ಅಮ್ಮ. ಆಗ 50 ಕೂಡ ತುಂಬಿರಲಿಲ್ಲ. ಎಲ್ಲ ಮೇಕಪ್ಪು. ಗಂಡನ ಪಾತ್ರದ ವಿಕ್ಟರ್ ಮೂರ್‌ಗೆ ಮಾತ್ರ 60 ದಾಟಿತ್ತು.

ಅಮ್ಮ: ಅದೇ ಅಂದುಕೊಂಡೆ. ಪೂರ್ತಿ ಸಿನಿಮಾ ಅಪ್ಪನಿಗೂ ಕಳಿಸು. ರಾತ್ರಿ ಒಂಬತ್ತಕ್ಕೆ ಅವರು ಅಲ್ಲಿ ಹಾಕುತ್ತಾರೆ, ನಾನು ಇಲ್ಲಿ ಹಾಕುತ್ತೇನೆ. ಮಾತಾಡಿಕೊಂಡಿದ್ದೇವೆ. ಆ ಹೊತ್ತಿನಲ್ಲಿ ನೀವು ಯಾರೂ ಫೋನ್ ಮಾಡಬೇಡಿ.

ಚಿಕ್ಕಪ್ಪ: ಸಬ್‌ಟೈಟಲ್ ಕನ್ನಡದಲ್ಲಿ ಇದೆಯಾ?

ಅಕ್ಕ: ಇಲ್ಲಿ ಅಪ್ಪ ಆಗಲೇ ರಿಮೋಟಿಗೆ ಹೊಸ ಸೆಲ್ ಹಾಕುತ್ತಿದ್ದಾರೆ.