ಏಸಾವ ಕ್ಷಮಿಸಿದ, ಆದರೆ ಯಾಕೋಬ ಯಾಕೆ ಜೊತೆಗೆ ಹೋಗಲಿಲ್ಲ?

ತೀರ್ಥಹಳ್ಳಿ ಮಳೆ:
ಭಾನುವಾರ ಚರ್ಚಿನಲ್ಲಿ ಬೈಬಲಿನ ಆದಿಕಾಂಡದ ಯಾಕೋಬ–ಏಸಾವರ ಕಥೆ ಓದಿದರು. ಗೊತ್ತಿಲ್ಲದವರಿಗೆ: ಇಬ್ಬರೂ ಅವಳಿ. ಕಣ್ಣು ಮಂಜಾದ ಅಪ್ಪನ ಹತ್ತಿರ ತಮ್ಮ ಯಾಕೋಬ ಅಣ್ಣನ ವೇಷದಲ್ಲಿ ಹೋಗಿ ಆಶೀರ್ವಾದ ಹೊಡೆದುಕೊಂಡ. ಅಣ್ಣ ಕೊಲ್ಲುತ್ತೇನೆ ಅಂದ, ತಮ್ಮ ಊರು ಬಿಟ್ಟ. 20 ವರ್ಷದ ಮೇಲೆ ವಾಪಸ್ ಬಂದಾಗ ಅಣ್ಣ 400 ಜನರ ಜೊತೆ ಎದುರಾದ. ಹೊಡೆಯಲಿಲ್ಲ. ಓಡಿಬಂದು ತಬ್ಬಿಕೊಂಡು ಅತ್ತ. ಓದಿದ್ದು ಅಲ್ಲಿಗೆ ನಿಂತಿತು. ನಾನು ಮನೆಗೆ ಬಂದು ಮುಂದೆ ಓದಿದೆ. ‘ಬಾ, ಒಟ್ಟಿಗೆ ಹೋಗೋಣ’ ಅಂತಾನೆ ಅಣ್ಣ. ‘ಮಕ್ಕಳು ಸಣ್ಣವು, ಕುರಿಮರಿ ಬೇರೆ ಇವೆ. ನೀನು ಮುಂದೆ ನಡಿ, ನಿನ್ನ ಸೀಮೆ ಸೇಯೀರಿಗೆ ಬರುತ್ತೇನೆ’ ಅಂದ ಯಾಕೋಬ ಸೀದಾ ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಂಡ. ಇದು ರಾಜಿನಾ?

ಸೊಪ್ಪಿನಬೆಟ್ಟ, ಸಾಗರ:
ಎಂಥ ರಾಜಿ, ಬರೀ ಹೆದರಿಕೆ. ಮೊದಲೇ ಉಡುಗೊರೆ ಕಳಿಸಿದ್ದ ನೋಡಿ. ಆಡು, ಕುರಿ, ಒಂಟೆ, ದನ, ಕತ್ತೆ. ಒಂಟೆಮರಿ ಬಿಟ್ಟು 550. ಅದೂ ಒಟ್ಟಿಗೆ ಅಲ್ಲ, ಹಿಂಡು ಹಿಂಡಾಗಿ, ಮಧ್ಯೆ ಜಾಗ ಬಿಟ್ಟು. ಒಂದು ನೋಡಿ ಮುಗಿಸುವಷ್ಟರಲ್ಲಿ ಇನ್ನೊಂದು! ಏಳು ಸಲ ಅಡ್ಡಬಿದ್ದ. ‘ತಪ್ಪಾಯ್ತು’ ಅಂತ ಒಂದು ಮಾತು ಹುಡುಕಿ, ಸಿಗುವುದಿಲ್ಲ.

ಭದ್ರಾವತಿ ಟೀಚರ್:
ಸಿಗುತ್ತದೆ, ಹೀಬ್ರೂನಲ್ಲಿ. ಏಸಾವ ಉಡುಗೊರೆ ಬೇಡ ಅಂದಾಗ ಯಾಕೋಬ ‘ನನ್ನ ಬೆರಾಖಾ ತಗೋ’ ಅಂತಾನೆ. ಬೆರಾಖಾ ಅಂದರೆ ಆಶೀರ್ವಾದ. ಅಂದು ಕದ್ದಾಗಲೂ ಅಪ್ಪ ಇಸಾಕ ಹೇಳಿದ್ದು ಅದೇ ಪದ: ‘ನಿನ್ನ ತಮ್ಮ ನಿನ್ನ ಬೆರಾಖಾ ಕೊಂಡೊಯ್ದ.’ ಕದ್ದದ್ದರ ಹೆಸರು ಹೇಳಿಯೇ ವಾಪಸ್ ಕೊಡುತ್ತಿದ್ದಾನೆ. ಇದಕ್ಕಿಂತ ಜಾಸ್ತಿ ಏನು ಬೇಕು?

ಹೊಸನಗರದವ:
ನಮ್ಮ ಹುಂಚದ ಕಡೆ ಭರತ–ಬಾಹುಬಲಿ ಕಥೆ ಎಲ್ಲರಿಗೂ ಗೊತ್ತು. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿದ ಬಾಹುಬಲಿ ನೆಲಕ್ಕೆ ಬಡಿಯಲಿಲ್ಲ. ಗೆದ್ದ ರಾಜ್ಯ ಬಿಟ್ಟು ತಪಸ್ಸಿಗೆ ಹೋದ. ದೂರ ಹೋಗುವುದೆಲ್ಲ ಮುನಿಸಲ್ಲ.

ಸೊಪ್ಪಿನಬೆಟ್ಟ, ಸಾಗರ:
ಅವನು ಎಲ್ಲ ಬಿಟ್ಟು ಹೋದ ಸ್ವಾಮಿ. ಇವನು ಕುರಿ ಸಮೇತ ಹೋದ.

ಭದ್ರಾವತಿ ಟೀಚರ್:
😄 ಸರಿ. ಆದರೆ ಜೊತೆಗಿದ್ದವರ ಕಥೆ ನೋಡಿ. ಇದೇ ಯಾಕೋಬನ ಮಗ ಯೋಸೇಫನನ್ನು ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅವನು ಕ್ಷಮಿಸಿ ಈಜಿಪ್ಟಿಗೆ ಕರೆಸಿ ಸಾಕಿದ. 17 ವರ್ಷ ಅವನ ಅನ್ನ ತಿಂದರೂ, ಅಪ್ಪ ಸತ್ತ ಕೂಡಲೇ ‘ಇನ್ನು ಸೇಡು ತೀರಿಸುತ್ತಾನೆ’ ಅಂತ ನಡುಗಿದರು. ಅದನ್ನು ಕೇಳಿ ಯೋಸೇಫ ಅತ್ತುಬಿಟ್ಟ. ಬೇರೆ ಬೇರೆ ಇದ್ದ ಏಸಾವ, ಯಾಕೋಬ ಮಾತ್ರ ಅಪ್ಪನನ್ನು ಮಣ್ಣು ಮಾಡಲು ಇಬ್ಬರೂ ಬಂದರು.

ತೀರ್ಥಹಳ್ಳಿ ಮಳೆ:
ಕೇಳಿದ್ದು ಸುಮ್ನೆ ಅಲ್ಲ. ತೋಟ ಪಾಲಾದ ಮೇಲೆ ಅಣ್ಣನ ಜೊತೆ ಮಾತಿಲ್ಲ. ಮಧ್ಯೆ ಒಂದು ಅಗಳ ಅಷ್ಟೆ. ಈ ಮಳೆಗಾಲ ಅಡಿಕೆಗೆ ಕೊಳೆ ಹತ್ತಿತು, ಔಷಧಿ ಹೊಡೆಯಲು ನನಗೆ ಜನ ಸಿಗಲಿಲ್ಲ. ಒಂದು ದಿನ ಅಣ್ಣನ ಆಳುಗಳೇ ಅಗಳ ದಾಟಿ ಬಂದು ನನ್ನ ಮರಗಳಿಗೂ ಬೋರ್ಡೋ ಹೊಡೆದರು. ಕೂಲಿ ಕೊಡಲು ಹೋದರೆ ‘ಅಯ್ಯ ಕೊಟ್ಟಾಗಿದೆ’ ಅಂದರು. ಅವನು ಬರಲಿಲ್ಲ. ಫೋನೂ ಇಲ್ಲ.

ಸೊಪ್ಪಿನಬೆಟ್ಟ, ಸಾಗರ:
ಓಹೋ. ನಿಮ್ಮಿಬ್ಬರಲ್ಲಿ ಏಸಾವ ಯಾರು?

ತೀರ್ಥಹಳ್ಳಿ ಮಳೆ:
ಕೇಳಿ ನೋಡಿ, ಇಬ್ಬರೂ ನಾನೇ ಅಂತೀವಿ.