ಇಳಕಲ್ ಸೀರೆಯನ್ನು ಆನ್‌ಲೈನ್‌ನಲ್ಲಿ ಕೊಳ್ಳಬಹುದೇ, ಅಂಗಡಿಗೇ ಹೋಗಬೇಕೇ?

ಪ್ರಶ್ನೆ (ಬೆಂಗಳೂರಿನಿಂದ)

ಮುಂದಿನ ತಿಂಗಳು ನಮ್ಮ ಹೊಸ ಮನೆಯ ಗೃಹಪ್ರವೇಶವಿದೆ. ತಾಯಿಗೆ, ಅತ್ತೆಯವರಿಗೆ ಮತ್ತು ಚಿಕ್ಕಮ್ಮಂದಿರಿಗೆ ಇಳಕಲ್ ಸೀರೆಯನ್ನೇ ಉಡುಗೊರೆ ಕೊಡಬೇಕೆಂದಿದ್ದೇವೆ. ಬಾಗಲಕೋಟೆಯ ಕಡೆಗೆ ಹೋಗಿಬರಲು ರಜೆ ಸಿಗುವಂತಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಕೆಂಪು ಸೆರಗಿನ, ಅಗಲ ಅಂಚಿನ ಸೀರೆಗಳು ನೂರಾರು ಕಾಣಸಿಗುತ್ತವೆ. ಅವುಗಳ ಬೆಲೆ ಇಲ್ಲಿನ ಕೈಮಗ್ಗದ ಮಳಿಗೆಯವರು ಹೇಳುವ ಬೆಲೆಯ ಮೂರನೆಯ ಒಂದು ಭಾಗದಷ್ಟೂ ಇಲ್ಲ. ಅಂಗಡಿಯ ಬಾಡಿಗೆ ಮತ್ತು ಕೆಲಸದವರ ಸಂಬಳ ಉಳಿಯುವುದರಿಂದ ಇಷ್ಟು ಅಗ್ಗವಾಗಿ ಕೊಡುತ್ತಾರೆಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಕಾರಣ ಅಷ್ಟೇ ಆಗಿದ್ದರೆ ಅಂಗಡಿಗೆ ಅಲೆಯುವ ಅಗತ್ಯವಿಲ್ಲ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ಇಳಕಲ್‌ನಿಂದ, ನೇಕಾರರ ಮನೆಯವರು)

ಬಾಡಿಗೆ ಉಳಿದ ಮಾತ್ರಕ್ಕೆ ಬೆಲೆ ಅಷ್ಟು ಕೆಳಗೆ ಇಳಿಯುವುದಿಲ್ಲ. ಆ ದರಕ್ಕೆ ಬರುವುದು ಪಾಲಿಯೆಸ್ಟರ್ ನೂಲಿನಲ್ಲಿ ವಿದ್ಯುತ್ ಮಗ್ಗದ ಮೇಲೆ ತೆಗೆದ, ಇಳಕಲ್ ಸೀರೆಯ ಬಣ್ಣ ಮತ್ತು ಅಂಚನ್ನು ಮಾತ್ರ ಎರವಲು ಪಡೆದ ಸೀರೆ.

ಕೈಮಗ್ಗದ ಸೀರೆ ಏಕೆ ದುಬಾರಿ ಎಂಬುದನ್ನು ತಿಳಿಯಬೇಕಾದರೆ ಸೆರಗು ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ನೋಡಬೇಕು. ನಮ್ಮಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು ಹಾಕಿ, ಸೆರಗಿಗೆ ರೇಷ್ಮೆ ಹಾಕಿದಾಗ ಆ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕಾಗುತ್ತದೆ. ತೋಪು ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ ಸೆರಗಿನ ಸೀರೆಗೆ ಹೀಗೆ ಪ್ರತಿ ಸೀರೆಗೂ ಪ್ರತ್ಯೇಕವಾಗಿ ಹಾಸು ಹೂಡಬೇಕಾಗಿರುವುದರಿಂದ, ಉದ್ದನೆಯ ಹಾಸು ಹೂಡಿ ಒಂದರ ಹಿಂದೊಂದರಂತೆ ಸೀರೆಗಳನ್ನು ಕತ್ತರಿಸಿ ತೆಗೆಯುವ ಯಂತ್ರದ ವೇಗ ನಮಗೆ ಎಂದಿಗೂ ಬರುವುದಿಲ್ಲ. ಅಂಗಡಿಯಲ್ಲಿ ಸೀರೆಯನ್ನು ಮಗುಚಿ ಒಡಲು ಮತ್ತು ಸೆರಗು ಸೇರುವಲ್ಲಿ ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ಉದ್ದಕ್ಕೂ ಕೈಗೆ ತಗಲುತ್ತದೆ. ಮೊಬೈಲಿನ ಚಿತ್ರದಲ್ಲಿ ನಿಮಗೆ ತೋರಿಸುವುದು ಮಡಿಸಿಟ್ಟ ಸೀರೆಯನ್ನು, ಇಲ್ಲವೇ ರೂಪದರ್ಶಿ ಉಟ್ಟ ಸೀರೆಯನ್ನು. ಆ ಕೊಂಡಿಯ ಸಾಲು, ಅದರಲ್ಲಿಯೂ ಹಿಂಬದಿ, ಅಲ್ಲಿ ಕಾಣಿಸುವುದೇ ಅಪರೂಪ.

ಬಣ್ಣದ ವಿಷಯವೂ ಹಾಗೆಯೇ. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ ಇವೆಲ್ಲ ಒಂದೊಂದು ಪರದೆಯ ಮೇಲೆ ಒಂದೊಂದು ರೀತಿ ಕಾಣುತ್ತವೆ. ಅಂಗಡಿಯಲ್ಲಾದರೆ ಸೀರೆಯನ್ನು ಬಾಗಿಲ ಬಳಿಗೆ ತಂದು ಹಗಲಿನ ಬೆಳಕಿನಲ್ಲಿ ನೋಡಬಹುದು. ನೋಡಲು ಬಿಡದ ಅಂಗಡಿಯಾದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಉತ್ತರ 2 (ಹುಬ್ಬಳ್ಳಿಯಿಂದ)

ಮೇಲಿನವರು ಬಟ್ಟೆಯ ಗುಣವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಅಳತೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ದೊರೆಯುವುದು ಐದೂವರೆ ಮೀಟರಿನ ಸೀರೆ, ಜೊತೆಗೆ ರವಿಕೆಯ ತುಂಡು. ನಿಮ್ಮ ಹಿರಿಯರಲ್ಲಿ ಯಾರಾದರೂ ಇನ್ನೂ ಕಚ್ಚೆ ಹಾಕಿ ಉಡುವವರಿದ್ದರೆ ಅದು ಅವರಿಗೆ ಸಾಲುವುದೇ ಇಲ್ಲ, ಎಂಟು ಅಥವಾ ಒಂಬತ್ತು ಗಜದ್ದೇ ಬೇಕು. ನಮ್ಮ ಕಡೆಯ ಅಂಗಡಿಯವರು ಸೀರೆ ಬಿಚ್ಚುವುದಕ್ಕೆ ಮೊದಲೇ ಯಾರಿಗೆ, ಎಷ್ಟು ವಯಸ್ಸು, ಕಚ್ಚೆಯೋ ನಿರಿಗೆಯೋ ಎಂದು ಕೇಳುತ್ತಾರೆ. ಆ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಅವರು ತೆಗೆಯುವ ನಾಲ್ಕಾರು ಸೀರೆಗಳಲ್ಲಿ ಒಂದು ಖಂಡಿತ ಒಪ್ಪಿಗೆಯಾಗುತ್ತದೆ. ಆ್ಯಪ್‌ನಲ್ಲಿಯಾದರೆ ನೂರಾರು ಚಿತ್ರಗಳನ್ನು ಸರಿಸುತ್ತಾ ಕುಳಿತು, ಕೊನೆಗೆ ಬೇಸತ್ತು ಯಾವುದೋ ಒಂದನ್ನು ಒತ್ತಿಬಿಡುತ್ತೇವೆ.

ಇನ್ನೊಂದು ತೊಂದರೆ ಹಿಂದಿರುಗಿಸುವ ಗಡುವಿನದು. ಶುಭಕಾರ್ಯದ ಸೀರೆಯನ್ನು ಮೊದಲೇ ತರಿಸಿ ಇಡುತ್ತೇವೆ, ಉಡುವುದು ಆ ದಿನವೇ, ಒಗೆಯುವುದು ಅದರ ನಂತರ. ಬಣ್ಣ ಬಿಡುವುದು ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ನಮ್ಮ ಪರಿಚಯದ ಅಂಗಡಿಯವರು ಹಾಗೆ ಬಣ್ಣ ಬಿಟ್ಟ ಸೀರೆಯನ್ನು ದೀಪಾವಳಿ ಕಳೆದ ಮೇಲೂ ಬದಲಾಯಿಸಿ ಕೊಟ್ಟದ್ದುಂಟು. ಮೂರು ತಲೆಮಾರಿನಿಂದ ಅಲ್ಲಿಗೇ ಹೋಗುತ್ತಿರುವವರನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರುವುದಿಲ್ಲ.

ಉತ್ತರ 3 (ವಕೀಲರು, ಬೆಂಗಳೂರು)

ಅಂಗಡಿಯನ್ನು ಇಷ್ಟು ಹೊಗಳುವುದಕ್ಕೆ ನನ್ನ ಆಕ್ಷೇಪವಿದೆ. ಪರಿಚಯವಿರುವ ಗಿರಾಕಿಗೆ ಸಿಗುವ ಮರ್ಯಾದೆ ಮೊದಲ ಬಾರಿ ಹೋದವರಿಗೆ ಸಿಗುವುದಿಲ್ಲ. ‘ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಫಲಕ ಅನೇಕ ಬಟ್ಟೆ ಅಂಗಡಿಗಳಲ್ಲಿ ಇಂದಿಗೂ ತೂಗುತ್ತಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಆದ್ದರಿಂದ ದೋಷವಿರುವ ಸೀರೆಯ ಮಟ್ಟಿಗೆ ಆ ಫಲಕಕ್ಕೆ ಬೆಲೆಯಿಲ್ಲ.

ಆನ್‌ಲೈನ್ ವ್ಯಾಪಾರಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಮಾರಾಟಗಾರರ ಹೆಸರು ಮತ್ತು ವಿಳಾಸ ತೋರಿಸಬೇಕು, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು, ಮತ್ತು ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ ಎನ್ನುವಂತಿಲ್ಲ. ಮಾರಾಟಗಾರರು ಯಾವ ರಾಜ್ಯದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ಆದರೂ ನಿಮ್ಮ ಸಂದರ್ಭದಲ್ಲಿ ನಾನು ಅಂಗಡಿಯ ಪರವಾಗಿಯೇ ಇದ್ದೇನೆ. ಈ ನಿಯಮಗಳೆಲ್ಲ ಹಣವನ್ನು ಮರಳಿ ಕೊಡಿಸಬಲ್ಲವೇ ಹೊರತು ಗೃಹಪ್ರವೇಶದ ಬೆಳಗ್ಗೆ ಚಿಕ್ಕಮ್ಮನ ಕೈಗೆ ಸೀರೆ ಕೊಡಿಸಲಾರವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮ ಅತ್ತೆಯವರು ಕಚ್ಚೆಯನ್ನೇ ಉಡುತ್ತಾರೆ, ಅಳತೆಯ ವಿಚಾರ ನಮಗೆ ಹೊಳೆದೇ ಇರಲಿಲ್ಲ. ಮುದ್ರೆಯಿರುವ ಸೀರೆಯನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಮೋಸವಾಗದೆಂದು ಕೆಲವರು ಹೇಳುತ್ತಾರೆ. ಅದು ನಿಜವೇ?

ಉತ್ತರ 1ರವರು ಮತ್ತೆ

ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಇವೆ. ಕೈಯಲ್ಲಿರುವ ಸೀರೆಗೆ ಆ ಚೀಟಿ ಇದ್ದರೆ ಒಳ್ಳೆಯದು, ಪುಟದ ಮೇಲೆ ಅದರ ಚಿತ್ರವಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಇಳಕಲ್‌ನ ಕೈಮಗ್ಗಗಳಲ್ಲಿಯೂ ಅಂಚಿಗೆ ಮತ್ತು ಸೆರಗಿಗೆ ಕೃತಕ ರೇಷ್ಮೆ ಬಳಸುವುದು ಬಹಳ ಕಾಲದಿಂದ ಇದೆ. ಅದು ನಕಲಿಯಲ್ಲ, ಆದರೆ ಶುದ್ಧ ರೇಷ್ಮೆಯ ಬೆಲೆಯನ್ನು ಅದಕ್ಕೆ ಕೊಡಬಾರದು. ಆದ್ದರಿಂದ ಎಲ್ಲಿ ಕೊಂಡರೂ ಒಡಲು ಯಾವ ನೂಲು, ಸೆರಗು ಯಾವ ನೂಲು, ಕೈಮಗ್ಗವೇ ಅಲ್ಲವೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವಕೀಲರು ಹೇಳಿದ ಕಾಯ್ದೆಗೂ ಆಗ ಬಲ ಬರುತ್ತದೆ.

ಅತ್ತೆಯವರದನ್ನು ಬಿಟ್ಟು ಉಳಿದ ಸೀರೆಗಳನ್ನು ಬೆಂಗಳೂರಿನ ಮಳಿಗೆಯಲ್ಲಿಯೇ ಮಗುಚಿ ನೋಡಿ ಕೊಳ್ಳಿ. ಅತ್ತೆಯವರ ಒಂಬತ್ತು ಗಜದ ಸೀರೆ ಅಲ್ಲಿ ಸಿಗದಿದ್ದರೆ ಇಳಕಲ್‌ನ ಅಂಗಡಿಯೊಂದಕ್ಕೆ ಫೋನ್ ಮಾಡಿ, ವೀಡಿಯೊ ಕರೆಯಲ್ಲಿ ಸೆರಗಿನ ಹಿಂಬದಿಯನ್ನು ಬಿಡಿಸಿ ತೋರಿಸಲು ಹೇಳಿ. ಬೇಕಾದ ಬಣ್ಣ ಸಿದ್ಧವಿಲ್ಲದೆ ಹೊಸದಾಗಿ ನೇಯಿಸಬೇಕಾದರೆ ಹಾಸು ಹೂಡುವುದರಿಂದಲೇ ಆರಂಭಿಸಬೇಕಾಗುವುದರಿಂದ, ಈ ವಾರವೇ ಹೇಳಿಡುವುದು ಒಳ್ಳೆಯದು.